ಕೆಂಗೇರಿಯ ಚಿರತೆ, ಆತಕೂರಿನ ಹಂದಿ

2022ರ ಡಿಸೆಂಬರ್ ಮೊದಲ ವಾರ. ಕೆಂಗೇರಿ ಉಪನಗರದಲ್ಲಿ ನಮ್ಮ ಬೀದಿಯ ಕೊನೆಗೆ ಅರ್ಧಕ್ಕೆ ನಿಂತ ಮನೆಯೊಂದಿತ್ತು. ಅದರ ಮುಂದೆ ಸುರಿದ ಮರಳಿನ ಪಕ್ಕದ ಒದ್ದೆ ಮಣ್ಣಿನ ಮೇಲೆ ಯಾರೋ ನೀಲಿ ಪ್ಲಾಸ್ಟಿಕ್ ಬೇಸಿನ್ ಒಂದನ್ನು ಬೋರಲು ಹಾಕಿ, ಗಾಳಿಗೆ ಹಾರದಿರಲೆಂದು ಮೇಲೊಂದು ಇಟ್ಟಿಗೆ ಇಟ್ಟಿದ್ದರು. ಬೆಳಗ್ಗೆ ಹಾಲಿಗೆ ಹೊರಟವರೆಲ್ಲ ಅದರ ಸುತ್ತ ನಿಂತಿದ್ದರು. ಬೇಸಿನ್ ಎತ್ತಿದರೆ ಕೆಳಗೆ ಒಂದು ಹೆಜ್ಜೆ ಗುರುತು. ನನ್ನ ಅಂಗೈಗಿಂತ ತುಸು ಚಿಕ್ಕದು. ಅಂಚಿನಲ್ಲಿ ನೀರು ಜಿನುಗಿ ಮಣ್ಣು ಕುಸಿಯುತ್ತಿತ್ತು. ಹಾಗಾಗಿ ಅದು ನೋಡನೋಡುತ್ತ ದೊಡ್ಡದಾಗುತ್ತಿತ್ತು.

ಆ ವಾರ ತುರಹಳ್ಳಿ ಕಾಡಿನ ಅಂಚಿನಲ್ಲಿ, ಕೆಂಗೇರಿಯ ಸುತ್ತಮುತ್ತ ಚಿರತೆ ಕಾಣಿಸಿಕೊಂಡಿದೆ ಎಂದು ಅರಣ್ಯ ಇಲಾಖೆ ಹುಡುಕಾಟ ನಡೆಸುತ್ತಿತ್ತು. ಹನ್ನೊಂದು ಗಂಟೆಗೆ ಸಿಬ್ಬಂದಿಯೊಬ್ಬರು ನಮ್ಮ ಬೀದಿಗೂ ಬಂದರು. ಕುಕ್ಕರಗಾಲಲ್ಲಿ ಕೂತು, ಕಡ್ಡಿಯೊಂದನ್ನು ಹಿಡಿದು ತೋರಿಸಿದರು. ‘ಬೆರಳ ತುದಿಯಲ್ಲಿ ಉಗುರು ಊರಿದೆ ನೋಡಿ. ಚಿರತೆ ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುತ್ತೆ, ಗುರುತು ಬೀಳಲ್ಲ. ಅದರ ಹೆಜ್ಜೆ ಇದಕ್ಕಿಂತ ದುಂಡಗಿರುತ್ತೆ. ಇದು ನಾಯಿಯದು.’ ಎಲ್ಲರೂ ತಲೆಯಾಡಿಸಿದರು. ಅವರು ಬೈಕ್ ಹತ್ತಿ ಹೋದ ಮೇಲೆ ಎದುರು ಮನೆಯ ಅಜ್ಜಿ ಬೇಸಿನ್ನನ್ನು ಮತ್ತೆ ಮೊದಲಿನ ಹಾಗೆಯೇ ಮುಚ್ಚಿಟ್ಟರು.

ಆ ಬೇಸಿನ್ನನ್ನು ನಾನು ಮರೆತಿಲ್ಲ. ನಾಯಿಯ ಹೆಜ್ಜೆ ಎಂದು ಗೊತ್ತಾದ ಮೇಲೂ ಅದನ್ನು ಕಾಪಾಡುವ ಮನಸ್ಸು ಎಲ್ಲಿಂದ ಬಂತು? ಸಂಜೆ ಏಳೂವರೆಗೆಲ್ಲ ಬೀದಿ ಖಾಲಿಯಾಯಿತು. ಒಂದಾದ ಮೇಲೊಂದು ಗೇಟಿನ ಚಿಲಕ ಬೀಳುವ ಸದ್ದು ನಮ್ಮ ಮನೆಯ ಜಗಲಿಯಿಂದಲೇ ಕೇಳುತ್ತಿತ್ತು. ದಿನಾ ಬೊಗಳುವ ನಾಯಿಗಳು ಅಂದು ಸುಮ್ಮನಿದ್ದವು. ಸುಮ್ಮನಿದ್ದವೋ ಅಥವಾ ನಾವು ಅವುಗಳ ಮೌನವನ್ನು ಅಂದೇ ಮೊದಲು ಗಮನಿಸಿದೆವೋ, ಹೇಳುವುದು ಕಷ್ಟ.

ಅದೇ ದಿನಗಳಲ್ಲಿ ಟಿ. ನರಸೀಪುರ ತಾಲ್ಲೂಕಿನಲ್ಲಿ ಭಯಕ್ಕೆ ನಿಜವಾದ ಕಾರಣವಿತ್ತು. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯ ಒಳಗೆ ಅಲ್ಲಿ ನಾಲ್ವರು ಚಿರತೆ ದಾಳಿಗೆ ಸತ್ತರು. ಕಂಡಲ್ಲಿ ಗುಂಡು ಹಾರಿಸುವ ಆದೇಶ ಹೊರಟಿತು, ಬೋನುಗಳು ಬಂದವು. ಕಬ್ಬಿನ ಗದ್ದೆಗೆ ಹೋಗಲು ಕೂಲಿಯವರು ಹಿಂಜರಿದರು. ಆ ಊರುಗಳ ಸಂಜೆ ಮತ್ತು ನಮ್ಮ ಬೀದಿಯ ಸಂಜೆ ಒಂದೇ ತೂಕದವಲ್ಲ. ಆ ಸಾವುಗಳನ್ನು ಕಥೆಯ ರುಚಿಗೆ ಬೆರೆಸಿಕೊಳ್ಳುವ ಹಕ್ಕು ಯಾರಿಗೂ ಇಲ್ಲ ಎಂಬುದು ನನಗೆ ಗೊತ್ತು. ಮುಂದೆ ಹೇಳುವುದನ್ನೆಲ್ಲ ಆ ಎಚ್ಚರ ಇಟ್ಟುಕೊಂಡೇ ಹೇಳುತ್ತಿದ್ದೇನೆ.

ನಮ್ಮ ಬೀದಿಯ ಆ ಡಿಸೆಂಬರಿಗೆ ಎರಡು ತಿಂಗಳ ಹಿಂದಷ್ಟೇ, ಸೆಪ್ಟೆಂಬರ್ 30ರಂದು ‘ಕಾಂತಾರ’ ತೆರೆಗೆ ಬಂದಿತ್ತು. ನಮ್ಮ ಬೀದಿಯ ಮುಕ್ಕಾಲು ಪಾಲು ಜನ ಅದನ್ನು ನೋಡಿದ್ದರು, ಕೆಲವರು ಎರಡು ಸಲ. ಕತ್ತಲ ಕಾಡು, ಪಂಜು, ಕೋವಿ, ಹಂದಿ ಬೇಟೆ, ಮರದ ಸಂದಿಯಲ್ಲಿ ಒಂದು ಕ್ಷಣ ಕಂಡು ಮರೆಯಾಗುವ ಏನೋ ಒಂದು. ದುಡ್ಡು ಕೊಟ್ಟು ಆ ಭಯವನ್ನು ಮನಸಾರೆ ಅನುಭವಿಸಿ ಬಂದವರೇ ಡಿಸೆಂಬರಿನಲ್ಲಿ ಬೇಸಿನ್ ಸುತ್ತ ನಿಂತಿದ್ದರು. ಹಳೆಯ ಕಾಲದ ಊರು, ಊರಾಚೆಯ ಕಾಡು, ಕಾಡಿನೊಳಗೆ ಯಾರೂ ಸರಿಯಾಗಿ ಕಾಣದ ಒಂದು ಮೃಗ, ಅದನ್ನು ಹೊಡೆಯಲು ಬರುವ ಬೇಟೆಗಾರ. ಇಷ್ಟೇ ಸಾಮಗ್ರಿಯ ಸಿನಿಮಾಗಳು ಜಗತ್ತಿನ ಮೂಲೆಮೂಲೆಯಲ್ಲಿ ಮತ್ತೆ ಮತ್ತೆ ಹುಟ್ಟುತ್ತವೆ. ನನಗೆ ಅವು ತುಂಬ ಇಷ್ಟ. ಯಾಕೆ ಇಷ್ಟ ಎಂದು ಯೋಚಿಸುತ್ತ ಹೋದಾಗ ಕೆಂಗೇರಿಯಿಂದ ಹೊರಟ ದಾರಿ ಬಹಳ ದೂರ ಹೋಗಿ, ಕೊನೆಗೆ ಮದ್ದೂರಿನ ಹತ್ತಿರ ಬಂದು ನಿಂತಿತು.

ಈ ಬಗೆಯ ಕಥೆಗಳಿಗೆಲ್ಲ ತಾಯಿಬೇರು ಎನ್ನಬಹುದಾದ ಘಟನೆ ನಡೆದದ್ದು ಫ್ರಾನ್ಸಿನ ದಕ್ಷಿಣದ ಗುಡ್ಡಗಾಡು ಜೆವೊದಾನ್ ಎಂಬಲ್ಲಿ. 1764ರ ಜೂನ್ 30ರಂದು ಹದಿನಾಲ್ಕು ವರ್ಷದ ಹುಡುಗಿಯೊಬ್ಬಳನ್ನು ಒಂದು ಮೃಗ ಕೊಂದಿತು. ಮುಂದಿನ ಮೂರು ವರ್ಷಗಳಲ್ಲಿ ಸುಮಾರು ನೂರು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ದನ ಕುರಿ ಕಾಯಲು ಒಂಟಿಯಾಗಿ ಬೆಟ್ಟಕ್ಕೆ ಹೋಗುತ್ತಿದ್ದವರು ಅವರೇ ತಾನೆ? ಕಂಡವರು ಒಬ್ಬೊಬ್ಬರು ಒಂದೊಂದು ಹೇಳಿದರು. ತೋಳ ಎಂದರು, ತೋಳಕ್ಕಿಂತ ದೊಡ್ಡದು ಎಂದರು, ಬೆನ್ನ ಮೇಲೆ ಕಪ್ಪು ಪಟ್ಟೆ ಇತ್ತು ಎಂದರು. ಯೂರೋಪಿನಲ್ಲಿ ಪತ್ರಿಕೆಗಳ ಓದು ಹಬ್ಬುತ್ತಿದ್ದ ಕಾಲ ಅದು. ಪ್ಯಾರಿಸ್, ಲಂಡನ್ನಿನ ಓದುಗರು ಈ ಮೃಗದ ಸುದ್ದಿಗೆ ಕಾದು ಕೂರುತ್ತಿದ್ದರು.

ಮೊದಲು ಕುದುರೆ ದಳದ ಕ್ಯಾಪ್ಟನ್ ಡ್ಯುಹಾಮೆಲ್ ಬಂದ, ಸೋತ. ಆಮೇಲೆ ನಾರ್ಮಂಡಿಯ ಹೆಸರಾಂತ ತೋಳ ಬೇಟೆಗಾರ ದೆನ್ನೆವಾಲ್ ಬಂದ, ಸೋತ. ಕೊನೆಗೆ ದೊರೆ ಹದಿನೈದನೇ ಲೂಯಿ ತನ್ನ ಕೋವಿಯ ಮೇಲ್ವಿಚಾರಕ ಫ್ರಾನ್ಸ್ವಾ ಆಂತ್ವಾನನನ್ನೇ ಕಳಿಸಿದ. 1765ರ ಸೆಪ್ಟೆಂಬರಿನಲ್ಲಿ ಅವನು ಭಾರಿ ತೋಳವೊಂದನ್ನು ಹೊಡೆದುರುಳಿಸಿದ. ಅದಕ್ಕೆ ಹುಲ್ಲು ತುಂಬಿಸಿ ಅರಮನೆಗೆ ಸಾಗಿಸಿದರು, ಸನ್ಮಾನವಾಯಿತು, ದೊರೆಯ ಮಟ್ಟಿಗೆ ಪ್ರಕರಣ ಮುಗಿಯಿತು. ಎರಡು ಮೂರು ತಿಂಗಳಲ್ಲಿ ಗುಡ್ಡದ ಮೇಲೆ ಸಾವು ಮತ್ತೆ ಶುರುವಾಯಿತು. ಈ ಸಲ ಅರಮನೆ ಕಿವಿಗೊಡಲಿಲ್ಲ. ಮೃಗ ಸತ್ತಿದೆ ಎಂದು ಅದು ಆಗಲೇ ಒಪ್ಪಿಕೊಂಡಾಗಿತ್ತು! 1767ರ ಜೂನ್ 19ರಂದು ಝಾನ್ ಶಾಸ್ತೆಲ್ ಎಂಬ ಅಲ್ಲಿನವನೇ ಆದ ಹಳ್ಳಿಗ ಮತ್ತೊಂದು ಪ್ರಾಣಿಯನ್ನು ಹೊಡೆದ. ಸಾವುಗಳು ನಿಂತವು.

ಒಂದು ಒಳ್ಳೆಯ ಸಿನಿಮಾಕ್ಕೆ ಬೇಕಾದ ಮೂಳೆ ಮಾಂಸವೆಲ್ಲ ಚರಿತ್ರೆಯಲ್ಲೇ ಸಿದ್ಧವಾಗಿ ಕೂತಿದೆ. ನನ್ನ ಮಟ್ಟಿಗೆ ಇದರ ಜೀವಾಳ ಆ ತಪ್ಪು ಬೇಟೆ. ಸತ್ತದ್ದು ಬೇರೆ, ಕೊಲ್ಲುತ್ತಿರುವುದು ಬೇರೆ ಎಂದು ಹಳ್ಳಿಯವರಿಗೆ ಗೊತ್ತಾಗುವ ಗಳಿಗೆ. ಮೃಗಕ್ಕಿಂತ ಭಯಂಕರವಾದದ್ದು ಆಗ ಹುಟ್ಟುತ್ತದೆ: ನಿಮ್ಮ ಕಷ್ಟ ತೀರಿದೆ ಎಂದು ದೂರದಲ್ಲಿ ಕೂತವರು ತೀರ್ಮಾನಿಸಿಬಿಟ್ಟಿದ್ದಾರೆ, ನಿಮ್ಮ ಮನೆಯ ಹೊರಗೆ ಅದು ಇನ್ನೂ ಓಡಾಡುತ್ತಿದೆ.

ಕ್ರಿಸ್ತೋಫ್ ಗಾನ್ಸ್ ನಿರ್ದೇಶನದಲ್ಲಿ 2001ರಲ್ಲಿ ಬಂದ ‘ಬ್ರದರ್‌ಹುಡ್ ಆಫ್ ದಿ ವುಲ್ಫ್’ ಈ ಘಟನೆಯ ಮೇಲೆ ಕಟ್ಟಿದ ಚಿತ್ರ. ಅದರಲ್ಲಿ ಎಲ್ಲವೂ ಇದೆ. ಮಳೆಯಲ್ಲಿ ಕುದುರೆ ಮೇಲೆ ಬರುವ ನಾಯಕ, ಜೊತೆಗೆ ಅಮೆರಿಕದ ಮೂಲನಿವಾಸಿ ಗೆಳೆಯ, ಕುಂಗ್‌ಫೂ ಮಾದರಿಯ ಹೊಡೆದಾಟ, ದೊರೆಯ ರಾಜಕೀಯ, ಗುಪ್ತ ಸಂಘ. ಶುರುವಿನಲ್ಲೇ ಒಬ್ಬ ಹೆಣ್ಣುಮಗಳನ್ನು ಏನೋ ಎಳೆದಾಡಿ ಬಂಡೆಗೆ ಅಪ್ಪಳಿಸುತ್ತದೆ. ಆ ‘ಏನೋ’ ಮಾತ್ರ ಬಹಳ ಹೊತ್ತು ಕಾಣುವುದಿಲ್ಲ. ಕಂಡಾಗ ಅದೊಂದು ಪ್ರಾಣಿಯೇ ಹೌದು, ಆದರೆ ಅದಕ್ಕೆ ಕಬ್ಬಿಣದ ಕವಚ ತೊಡಿಸಿದ್ದು ಮನುಷ್ಯರು. ಚಿತ್ರ ಅತಿಯಾಯಿತು ಎನ್ನುವವರಿದ್ದಾರೆ. ಉದ್ದವೂ ಆಯಿತು, ಒಪ್ಪುತ್ತೇನೆ. ಆದರೂ ಮೃಗದ ಹಿಂದೆ ಕೈಯೊಂದನ್ನು ಕಾಣಿಸಿದ್ದಕ್ಕೆ ನಾನು ಆ ಚಿತ್ರವನ್ನು ಪ್ರೀತಿಸುತ್ತೇನೆ. ಜನರ ಭಯದಿಂದ ಯಾರಿಗೆ ಲಾಭ ಎಂಬ ಪ್ರಶ್ನೆಯನ್ನು ಅದು ಕತ್ತಿ ವರಸೆಗಳ ನಡುವೆಯೂ ಬಿಡುವುದಿಲ್ಲ.

ಹುಲಿ ಚಿರತೆ ಈಗಲೂ ಇವೆ, ಮೊಬೈಲ್ ಹಿಡಿದ ನಾಯಕನನ್ನೇ ಕಾಡಿಗೆ ಕಳಿಸಬಹುದು. ಹಾಗಿದ್ದೂ ಈ ಸಿನಿಮಾಗಳು ಹಿಂದಿನ ಕಾಲಕ್ಕೇ ಯಾಕೆ ಹೋಗುತ್ತವೆ? ಒಂದು ಕಾರಣ ಕೋವಿ. ಹಳೆಯ ಕೇಪಿನ ಕೋವಿಯಲ್ಲಿ ಒಂದೇ ಈಡು. ಅದು ಗುರಿ ತಪ್ಪಿದರೆ ನಳಿಗೆಗೆ ಮತ್ತೆ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಗಿಡಿದು, ಕೇಪು ಇಟ್ಟು ಕುದುರೆ ಎಳೆಯಬೇಕು. ಅಷ್ಟರಲ್ಲಿ ಮೃಗ ಎರಡು ಸಲ ಬಂದು ಹೋಗುತ್ತದೆ. ಆ ಅರ್ಧ ನಿಮಿಷವೇ ಸಿನಿಮಾ. ನಡುಗುವ ಬೆರಳು, ಚೆಲ್ಲಿದ ಮದ್ದಿನ ಪುಡಿ, ಹಳುವಿನೊಳಗೆ ಮುರಿಯುವ ಒಂದು ಕಡ್ಡಿ. ತೋಟಾ ಹಾಕುವ ಬಂದೂಕು ಬಂದ ದಿನವೇ ಈ ಅರ್ಧ ನಿಮಿಷ ಸತ್ತುಹೋಯಿತು.

ಇನ್ನೊಂದು ಕಾರಣ ಕತ್ತಲು. ಈಗ ಕೆಂಗೇರಿಯಲ್ಲಿ ಕತ್ತಲೆಂಬುದೇ ಇಲ್ಲ. ಮೈಸೂರು ರಸ್ತೆಯ ದೀಪ, ಮೆಟ್ರೊ ನಿಲ್ದಾಣದ ದೀಪ, ಅಪಾರ್ಟ್‌ಮೆಂಟಿನ ದೀಪ ಸೇರಿ ಆಕಾಶ ರಾತ್ರಿಯೆಲ್ಲ ಮಾಸಲು ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಚಿರತೆ ಬಂದರೆ ಯಾವುದೋ ಮನೆಯ ಸಿಸಿಟಿವಿಯಲ್ಲಿ ಸಿಕ್ಕಿಬೀಳುತ್ತದೆ. ಬೆಳಗಾಗುವುದರೊಳಗೆ ಆ ಹದಿನೈದು ಸೆಕೆಂಡಿನ ತುಣುಕು ಎಲ್ಲರ ಫೋನಿನಲ್ಲೂ ಇರುತ್ತದೆ. ಕಾಡಿನೊಳಗಿನ ಮೃಗವೂ ಕ್ಯಾಮೆರಾ ಟ್ರ್ಯಾಪಿನ ಕಣ್ಣು ತಪ್ಪಿಸುವುದು ಕಷ್ಟ. ಸಂಜಯ್ ಗುಬ್ಬಿ ಮತ್ತು ಅವರ ತಂಡ ಹೀಗೆ ಕ್ಯಾಮೆರಾ ಇಟ್ಟು ಬೆಂಗಳೂರಿನ ಹೊರವಲಯದಲ್ಲಿ 80ರಿಂದ 85 ಚಿರತೆಗಳಿವೆ ಎಂದು ಅಂದಾಜಿಸಿದೆ. ಚಿರತೆಯ ಮೈಮೇಲಿನ ಚುಕ್ಕೆಗಳ ವಿನ್ಯಾಸ ನಮ್ಮ ಹೆಬ್ಬೆರಳ ಗುರುತಿನಂತೆ. ಒಂದರದ್ದು ಇನ್ನೊಂದಕ್ಕೆ ಇರುವುದಿಲ್ಲ, ಆದ್ದರಿಂದ ಎಣಿಸಲು ಬರುತ್ತದೆ. ಬಡಮನವರ್ತೆ ಕಾವಲ್, ಸೂಲಿಕೆರೆ ಎಂದು ಆ ಅಧ್ಯಯನದಲ್ಲಿ ಬರುವ ಹೆಸರುಗಳು ನಮಗೆ ಅಕ್ಕಪಕ್ಕದ ಊರುಗಳು. ಎಣಿಸಿದ ಮೃಗ ರಹಸ್ಯವಾಗಿ ಉಳಿಯುವುದಿಲ್ಲ. ಹಾಗಾಗಿ ಸಿನಿಮಾ ಎಣಿಕೆ ಇಲ್ಲದ ಕಾಲಕ್ಕೆ ಹೋಗುತ್ತದೆ.

ಎಣಿಕೆಯ ಮಾತು ಬಂದದ್ದರಿಂದ ತ್ಸಾವೊ ಸಿಂಹಗಳ ಕಥೆ ಹೇಳಲೇಬೇಕು. 1898ರಲ್ಲಿ ಇಂದಿನ ಕೀನ್ಯಾದ ತ್ಸಾವೊ ನದಿಗೆ ರೈಲು ಸೇತುವೆ ಕಟ್ಟುತ್ತಿದ್ದ ಕೂಲಿಗಳ ಮೇಲೆ ಎರಡು ಗಂಡು ಸಿಂಹಗಳು ಎರಗಿದವು. ಆ ಕೂಲಿಗಳಲ್ಲಿ ಬಹುಪಾಲು ಜನ ಭಾರತದಿಂದ ಹಡಗು ಹತ್ತಿ ಹೋದವರು. ಎಂಜಿನಿಯರ್ ಪ್ಯಾಟರ್ಸನ್ ಆ ಡಿಸೆಂಬರಿನಲ್ಲಿ ಎರಡನ್ನೂ ಕೊಂದ. ಸತ್ತವರು 135 ಎಂದು ಮುಂದೆ ಬರೆದ. 1924ರಲ್ಲಿ ಆ ಚರ್ಮ, ತಲೆಬುರುಡೆಗಳನ್ನು ಶಿಕಾಗೊದ ಫೀಲ್ಡ್ ಮ್ಯೂಸಿಯಮ್ಮಿಗೆ ಮಾರಿದ. ಅವು ಇಂದಿಗೂ ಅಲ್ಲಿವೆ. ಅವುಗಳ ಕೂದಲು ಮತ್ತು ಮೂಳೆಯ ರಾಸಾಯನಿಕ ಪರೀಕ್ಷೆ ಮಾಡಿದ ವಿಜ್ಞಾನಿಗಳು 2009ರಲ್ಲಿ, ಎರಡೂ ಸೇರಿ ತಿಂದದ್ದು ಸುಮಾರು 35 ಜನರನ್ನು ಎಂದರು. ಒಂದು ಸಿಂಹದ ಕೋರೆಹಲ್ಲು ಮುರಿದು ಕೀವುಗಟ್ಟಿತ್ತು. ಕಾಡೆಮ್ಮೆಯ ಕುತ್ತಿಗೆ ಹಿಡಿಯಲಾರದ ಬಾಯಿ ಅದು. ‘ದಿ ಘೋಸ್ಟ್ ಅಂಡ್ ದಿ ಡಾರ್ಕ್‌ನೆಸ್’ (1996) ಈ ಕಥೆಯದ್ದೇ ಸಿನಿಮಾ, ನಮ್ಮ ಓಂ ಪುರಿ ಅದರಲ್ಲಿದ್ದರು. ತ್ಸಾವೊದ ನಿಜವಾದ ಸಿಂಹಗಳಿಗೆ ಕೇಸರವಿರಲಿಲ್ಲ. ಸಿನಿಮಾದವರು ಕೇಸರವಿದ್ದ ಸಿಂಹಗಳನ್ನೇ ತೋರಿಸಿದರು.

135 ಮತ್ತು 35ರ ನಡುವೆ ಉಳಿಯುವ ನೂರು ಮಂದಿಯನ್ನು ತಿಂದದ್ದು ಯಾರು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಸಿಂಹದ ಬಾಯಿಗೆ ಬಿದ್ದು ತಿನ್ನದೆ ಬಿಟ್ಟುಹೋದವರೂ ಇರಬಹುದು. ಜ್ವರ, ಭೇದಿ, ಅಪಘಾತ, ದಣಿವಿಗೆ ಸತ್ತವರೂ ಇರಬಹುದು. ಆ ಸಾವುಗಳೂ ಸಿಂಹದ ಲೆಕ್ಕಕ್ಕೇ ಸೇರಿಹೋಗಿರಬಹುದು. ದೊಡ್ಡ ಮೃಗವೊಂದು ಊರ ಎಲ್ಲ ಸಾವುಗಳನ್ನೂ ತನ್ನ ಹೆಸರಿಗೆ ಬರೆಸಿಕೊಂಡುಬಿಡುತ್ತದೆ. ಕೊರಿಯಾದ ‘ಮಾನ್‌ಸ್ಟ್ರಮ್’ (2018) ಚಿತ್ರವೂ ಇದೇ ದಾರಿ ಹಿಡಿದಿದೆ. ಹದಿನಾರನೇ ಶತಮಾನದ ಜೊಸೊನ್ ಅರಮನೆಯ ದಾಖಲೆಯಲ್ಲಿ ಬರುವ ಒಂದು ವಿಚಿತ್ರ ಪ್ರಾಣಿಯ ಸುದ್ದಿಯನ್ನು ಎತ್ತಿಕೊಂಡು, ಆ ಭಯವನ್ನು ದೊರೆಯನ್ನು ಇಳಿಸಲು ಬಳಸುವ ಮಂತ್ರಿಯ ಕಥೆ ಕಟ್ಟಿದ್ದಾರೆ.

ನಮ್ಮಲ್ಲಿ ಈ ಕಥೆಗಳು ತೆರೆಗಿಂತ ಮೊದಲು ಬಂದದ್ದು ಪುಸ್ತಕದಲ್ಲಿ, ಅದೂ ಪೂರ್ಣಚಂದ್ರ ತೇಜಸ್ವಿಯವರ ಕೈಯಿಂದ. 1910ರಲ್ಲಿ ಹುಟ್ಟಿ, ಬೆಂಗಳೂರಿನಲ್ಲೇ ಬಾಳಿ, 1974ರಲ್ಲಿ ಇಲ್ಲೇ ತೀರಿಕೊಂಡ ಕೆನೆತ್ ಆಂಡರ್ಸನ್ ಇಂಗ್ಲಿಷಿನಲ್ಲಿ ಬರೆದ ಬೇಟೆಯ ಅನುಭವಗಳನ್ನು ತೇಜಸ್ವಿ ‘ಕಾಡಿನ ಕಥೆಗಳು’ ಎಂದು ನಾಲ್ಕು ಭಾಗಗಳಲ್ಲಿ ತಂದರು. ಜಿಮ್ ಕಾರ್ಬೆಟ್ಟನ ರುದ್ರಪ್ರಯಾಗದ ಚಿರತೆಯನ್ನೂ ಕನ್ನಡಕ್ಕೆ ತಂದರು. ನನ್ನ ತಲೆಮಾರಿನವರು ಶಾಲೆಯ ರಜೆಯಲ್ಲಿ ಹೊದಿಕೆಯೊಳಗೆ ಟಾರ್ಚ್ ಹಾಕಿಕೊಂಡು ಓದಿದ್ದು ಇವನ್ನೇ. ನಾಲ್ಕನೆಯ ಭಾಗದ ಹೆಸರೇ ‘ಮುನಿಶಾಮಿ ಮತ್ತು ಮಾಗಡಿ ಚಿರತೆ’. ಅಟ್ಲಾಸಿನಲ್ಲಿ ಹುಡುಕುವ ಕೆಲಸವೇ ಇರಲಿಲ್ಲ. ಕೆಂಗೇರಿಯಿಂದ ರಾಮೋಹಳ್ಳಿ, ದೊಡ್ಡ ಆಲದ ಮರ, ಮಂಚನಬೆಲೆ ದಾಟಿದರೆ ಸಾವನದುರ್ಗ. ಅದರಾಚೆ ಮಾಗಡಿ. ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ ದಾರಿ ಅದು. ಪುಸ್ತಕ ಓದಿದ ಮೇಲಿನ ಭಾನುವಾರ ಆಲದ ಬಿಳಲುಗಳ ನಡುವೆ ಆಡುವಾಗ ನಾನು ಅಪ್ಪನ ಪಕ್ಕ ಬಿಟ್ಟು ಕದಲಲಿಲ್ಲ.

ಆಂಡರ್ಸನ್ನನ ಕಥೆಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿದ್ದು ಗುಮ್ಮಳಾಪುರದ ಚಿರತೆಯದ್ದು. ಗುಮ್ಮಳಾಪುರ ಈಗ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ, ತಳಿಯ ಹತ್ತಿರ, ಕನ್ನಡ ಮಾತಾಡುವ ಗಡಿನಾಡು. ಆ ಚಿರತೆ 42 ಜನರನ್ನು ಕೊಂದಿತ್ತು, 250 ಚದರ ಮೈಲಿಯ ಸೀಮೆ ಅದರ ಹೆಸರಿಗೆ ನಡುಗುತ್ತಿತ್ತು ಎಂದು ಆಂಡರ್ಸನ್ ಬರೆಯುತ್ತಾನೆ. ಆದರೆ ಓದುಗನ ಎದೆಗೆ ಇಳಿಯುವುದು ಆ ಅಂಕಿಗಳಲ್ಲ. ಹೊತ್ತು ಮುಳುಗುವ ಮೊದಲೇ ಪ್ರತಿ ಗುಡಿಸಲಿನ ಬಾಗಿಲು ಮುಚ್ಚಿ, ಒಳಗಿನಿಂದ ಪೆಟ್ಟಿಗೆ, ಕಲ್ಲು ಒರಗಿಸುತ್ತಿದ್ದರು. ಶೌಚಕ್ಕೂ ಯಾರೂ ಹೊರಗೆ ಬರುತ್ತಿರಲಿಲ್ಲ, ಊರು ಗಬ್ಬೆದ್ದು ಹೋಗಿತ್ತು. ಭಯಕ್ಕೆ ಇಂಥ ವಾಸನೆ ಇರುತ್ತದೆ ಎಂದು ನಿಜವಾಗಿ ಅಲ್ಲಿ ಕೂತು ಕಂಡವನಿಗೇ ಗೊತ್ತಾಗುವುದು. ಯಾವ ಸಿನಿಮಾವೂ ಈ ವಿವರ ತೋರಿಸಿದ್ದನ್ನು ನಾನು ನೋಡಿಲ್ಲ.

ರಾತ್ರಿ ಕಾಯುತ್ತ ಕೂತ ಆಂಡರ್ಸನ್ನನ ಹತ್ತಿರ ಊರಿನ ಬೀದಿನಾಯಿಯೊಂದು ಬಂದು ಮುದುರಿಕೊಳ್ಳುತ್ತದೆ. ಚಿರತೆ ಬಂದಾಗ ಮೊದಲು ತಿಳಿದದ್ದು ಆ ನಾಯಿಗೆ. ಅದರ ಗುರುಗುಟ್ಟುವಿಕೆಯಿಂದಲೇ ತಾನು ಉಳಿದೆ ಎನ್ನುವ ಆಂಡರ್ಸನ್ ಅದನ್ನು ತನ್ನ ಜೊತೆ ಬೆಂಗಳೂರಿಗೆ ಕರೆತಂದು, ನಿಪ್ಪರ್ ಎಂದು ಹೆಸರಿಟ್ಟು ಸಾಕಿದ. ಚಿರತೆಯ ಕಥೆಯೆಂದು ಓದಲು ಶುರುಮಾಡಿದ ಹುಡುಗನಾಗಿದ್ದ ನಾನು ಪುಸ್ತಕ ಮುಚ್ಚಿದಾಗ ಆ ನಾಯಿಯನ್ನೇ ನೆನೆಯುತ್ತಿದ್ದೆ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಶಿಕಾರಿಯ ಕಾಲ ಮುಗಿಯಿತು. ಮರುವರ್ಷವೇ ಬಂದ ‘ಗಂಧದ ಗುಡಿ’ಯಲ್ಲಿ ರಾಜ್‌ಕುಮಾರ್ ಅರಣ್ಯಾಧಿಕಾರಿ. ಕೋವಿ ಹಿಡಿದು ಕಾಡಿಗೆ ನುಗ್ಗುವವನು ಆ ಚಿತ್ರದಿಂದಾಚೆಗೆ ಕನ್ನಡದಲ್ಲಿ ಖಳನಾದ, ಕಾಡು ಕಾಯುವವನು ನಾಯಕನಾದ. ಅದು ಆಗಬೇಕಾದ್ದೇ. ಆದರೆ ಮೃಗದ ಎದುರು ಒಂಟಿಯಾಗಿ ನಿಂತ ಮನುಷ್ಯನ ಕಥೆ ಎಲ್ಲಿ ಹೋಗಬೇಕು? ಅದು ಸುಮಾರು ಅರ್ಧ ಶತಮಾನ ಅಲೆದು ‘ಕಾಂತಾರ’ದಲ್ಲಿ ಬೇರೆ ವೇಷದಲ್ಲಿ ಮರಳಿತು. ಅಲ್ಲಿ ಹಂದಿ ಬೇಟೆಯಾಡುವವನ ಕನಸಿನಲ್ಲಿ ಬಂದು ಬೆಚ್ಚಿಬೀಳಿಸುವುದೂ ಹಂದಿಯೇ, ಪಂಜುರ್ಲಿ. ಹೊಡೆಯಬೇಕಾದದ್ದೂ ಅದೇ, ಕೈಮುಗಿಯಬೇಕಾದದ್ದೂ ಅದೇ. 2025ರ ಅಕ್ಟೋಬರ್ 2ರಂದು ಬಂದ ಮುಂದಿನ ಚಿತ್ರ ಕದಂಬರ ಕಾಲಕ್ಕೇ ಹೋಗಿ, ಕಾಡಿನೊಳಗೆ ಏನೋ ಇದೆ ಎಂಬ ಅರಸರ ಅಂಜಿಕೆಯಿಂದ ಕಥೆ ಎತ್ತಿಕೊಂಡಿತು.

ಜೆವೊದಾನಿಗೂ ನಮಗೂ ವ್ಯತ್ಯಾಸ ಇಲ್ಲೇ ಇದೆ ಎಂದು ನನಗೆ ಅನ್ನಿಸುವುದು. ಅಲ್ಲಿ ಮೃಗ ಸತ್ತರೆ ಲೆಕ್ಕ ಚುಕ್ತಾ. ನಮ್ಮಲ್ಲಿ ಲೆಕ್ಕ ಶುರುವಾಗುವುದೇ ಆಮೇಲೆ. ಕೊಡಗಿನಲ್ಲಿ ಹಿಂದೆ ಹುಲಿ ಕೊಂದವನಿಗೆ ‘ನರಿ ಮಂಗಲ’ ಮಾಡುತ್ತಿದ್ದರು. ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ. ಸತ್ತ ಹುಲಿಯನ್ನು ಕಂಬಕ್ಕೆ ತೂಗುಹಾಕಿ, ಬೇಟೆಗಾರನನ್ನು ಮದುಮಗನಂತೆ ಸಿಂಗರಿಸಿ ಕೂರಿಸಿ, ನೆಂಟರಿಷ್ಟರು ಬಂದು ಹರಸುತ್ತಿದ್ದರು. ಅದು ಅವನಿಗೂ ಹುಲಿಯ ಆತ್ಮಕ್ಕೂ ಮದುವೆ. ಗೆದ್ದವನಿಗೆ ಮೆರವಣಿಗೆ ಎಲ್ಲ ನಾಡಿನಲ್ಲೂ ಉಂಟು. ಕೊಂದದ್ದರ ಜೊತೆ ಬಾಳುವೆಯ ನಂಟು ಕಟ್ಟಿಕೊಳ್ಳಬೇಕು ಎಂದ ನಾಡು ಅಪರೂಪ. ತುಳುನಾಡಿನಲ್ಲಿ ಹುಲಿಯೇ ಪಿಲಿಚಾಮುಂಡಿಯಾಗಿ ದೈವವಾಗಿದೆ.

ಹೊಯ್ಸಳರ ಲಾಂಛನವೂ ಒಂದು ಮೃಗಬೇಟೆಯೇ. ಸೊಸೆವೂರಿನ ವಾಸಂತಿಕಾ ಗುಡಿಯ ಮುಂದೆ ಮುನಿ ‘ಹೊಯ್ ಸಳ’ ಎಂದದ್ದು, ಸಳ ಹೊಡೆದದ್ದು ಎಲ್ಲ ಮಕ್ಕಳಿಗೂ ಗೊತ್ತು. ಆದರೆ ಬೇಲೂರಿಗೆ ಹೋದವರು ಆ ಪ್ರಾಣಿಯನ್ನು ಒಮ್ಮೆ ನಿಂತು ನೋಡಬೇಕು. ಕಥೆಯಲ್ಲಿ ಹುಲಿ, ಕಲ್ಲಿನಲ್ಲಿ ಸಿಂಹದಂತೆ ಇದೆ, ಪೂರ್ತಿ ಸಿಂಹವೂ ಅಲ್ಲ. ಅದು ಕಾಡಿನ ಹುಲಿಯಲ್ಲ, ತಲಕಾಡಿನಲ್ಲಿ ವಿಷ್ಣುವರ್ಧನ ಸೋಲಿಸಿದ ಚೋಳರ ಲಾಂಛನದ ಹುಲಿ ಎನ್ನುವ ವಿದ್ವಾಂಸರೂ ಇದ್ದಾರೆ. ಗಾನ್ಸನ ಸಿನಿಮಾದಲ್ಲಿ ಮೃಗಕ್ಕೆ ಕವಚ ತೊಡಿಸಿದ ಕೈಗಳು ನೆನಪಾಗುತ್ತವೆ. ಸೊಸೆವೂರು ಎಂದರೆ ಇಂದಿನ ಅಂಗಡಿ, ಮೂಡಿಗೆರೆ ತಾಲ್ಲೂಕು. ತೇಜಸ್ವಿ ಕೂತು ನರಭಕ್ಷಕಗಳ ಕಥೆ ಬರೆದದ್ದೂ ಮೂಡಿಗೆರೆಯಲ್ಲೇ.

ಇಷ್ಟೆಲ್ಲ ಇದ್ದರೂ, ಕನ್ನಡದವರು ಯಾರಾದರೂ ಒಂದು ಐತಿಹಾಸಿಕ ಮೃಗಬೇಟೆಯ ಸಿನಿಮಾ ಮಾಡುತ್ತೇನೆಂದು ಬಂದರೆ ನಾನು ಅವರ ಕೈ ಹಿಡಿದು ಕರೆದುಕೊಂಡು ಹೋಗುವುದು ಬೇಲೂರಿಗಲ್ಲ, ಆತಕೂರಿನ ಕಲ್ಲಿನ ಮುಂದಕ್ಕೆ. ಆತಕೂರು ಮದ್ದೂರು ತಾಲ್ಲೂಕಿನ ಹಳ್ಳಿ, ನಮ್ಮ ಮೈಸೂರು ರಸ್ತೆಯಲ್ಲೇ ಹೋಗಿ ಒಳಗೆ ತಿರುಗಬೇಕು. ಶಾಸನದ ಕಲ್ಲು ಮಾತ್ರ ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಶಕ ವರ್ಷ 872, ಎಂದರೆ ಕ್ರಿಸ್ತಶಕ 949–50. ರಾಷ್ಟ್ರಕೂಟರ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಮಾಡಿದ. ಅವನ ಕಡೆಯಿಂದ ಕಾದಿದ ಗಂಗರ ಇಮ್ಮಡಿ ಬೂತುಗ, ಚೋಳರ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಬೂತುಗನ ಬಂಟ ಮಣಲೇರ ಎದೆಯೊಡ್ಡಿ ಕಾದಿದ್ದ. ಮೆಚ್ಚಿದ ಬೂತುಗ ಬೇಕಾದ್ದನ್ನು ಕೇಳು ಎಂದ. ದಕ್ಷಿಣ ಭಾರತದ ನಕ್ಷೆಯೇ ಬದಲಾದ ದಿನ ಅದು. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ಅರಸನ ಬಳಿ ಇದ್ದ ಕಾಳಿ ಎಂಬ ಬೇಟೆನಾಯಿಯನ್ನು.

ಆ ಕಾಳಿಯನ್ನು ಕೆಳಲೆ ನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿ, ಹಂದಿ ಎರಡೂ ಒಟ್ಟಿಗೇ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಮಣಲೇರ ಕಲ್ಲು ನೆಡಿಸಿದ. ದೊಡ್ಡ ಕೆರೆಯ ಕೆಳಗೆ ಅದಕ್ಕೆ ಭೂಮಿ ಬಿಟ್ಟ. ಅಲ್ಲಿನ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಗಲುತ್ತದೆ ಎಂದು ಬರೆಸಿದ. ತಕ್ಕೋಲದ ಯುದ್ಧದ ವಿವರಗಳಿಗೆ ಇತಿಹಾಸಕಾರರು ಇಂದಿಗೂ ನೆಚ್ಚುವ ಆಧಾರ ಈ ನಾಯಿಯ ಸ್ಮಾರಕವೇ.

ಮಳೆ ಬಿದ್ದು ನಿಂತ ಆ ಗುಡ್ಡವನ್ನು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ಯುದ್ಧದಿಂದ ಬಂದ ಗಾಯ ಇನ್ನೂ ಒಣಗಿರದ ಮನುಷ್ಯ. ಹೊಲ ಅಗೆದು ಹಾಳುಮಾಡಿ, ಸೋವಿಗೆ ಹೋದವರನ್ನು ತಿವಿದು, ಹೆಸರಿಲ್ಲದೆ ಬರೀ ‘ದೊಡ್ಡ ಹಂದಿ’ ಎಂದಷ್ಟೇ ಕರೆಸಿಕೊಳ್ಳುವ ಒಂದು ಪ್ರಾಣಿ. ಹಳುವಿನೊಳಗೆ ಅದು ಎಲ್ಲಿದೆ ಎಂದು ಗೊತ್ತಿರುವುದು ನಾಯಿಗೊಂದಕ್ಕೇ. ಮಣಲೇರ ಹಗ್ಗ ಬಿಡಬೇಕು. ಬಿಟ್ಟರೆ ಏನಾಗಬಹುದು ಎಂದು ಅವನಿಗೆ ಗೊತ್ತಿರುತ್ತದೆ. ಹಗ್ಗ ಬಿಟ್ಟ ಮೇಲೆ ನಮಗೆ ಏನೂ ಕಾಣಬಾರದು, ಸದ್ದು ಮಾತ್ರ ಕೇಳಬೇಕು. ಆಮೇಲೆ ಸದ್ದೂ ನಿಲ್ಲಬೇಕು. ಹೊಡೆದಾಟವೇ ಬೇಕೆನ್ನುವವರಿಗೆ ತಕ್ಕೋಲವಿದೆ, ಆನೆಗಳಿವೆ. ಆದರೆ ಸಿನಿಮಾದ ಎದೆಬಡಿತ ಇರಬೇಕಾದದ್ದು ಈ ಗುಡ್ಡದ ಮೇಲೆ.

ಕಲ್ಲನ್ನು ಮೊದಲ ಸಲ ನೋಡಿದ್ದು ಕಾಲೇಜಿನಲ್ಲಿದ್ದಾಗ. ಅಕ್ಷರಗಳ ನಡುವೆ ನಾಯಿ, ಹಂದಿ ಎರಡನ್ನೂ ಕೆತ್ತಿದ್ದಾರೆ. ಎರಡೂ ಒಂದಕ್ಕೊಂದು ಮುಖಕ್ಕೆ ಮುಖ ಕೊಟ್ಟು ನಿಂತಿವೆ. ಹಂದಿಯನ್ನು ರಾಕ್ಷಸನಂತೆ ಮಾಡಬೇಕೆಂದು ಶಿಲ್ಪಿಗೆ ಅನ್ನಿಸಿಲ್ಲ. ಕಳೆದ ವರ್ಷ ಮಗಳಿಗೆ ಅದರ ಫೋಟೊ ತೋರಿಸಿ ಕಥೆ ಹೇಳಿದೆ. ಚಿರತೆಯ ವಾರದಲ್ಲಿ ಅವಳಿನ್ನೂ ಚಿಕ್ಕವಳು, ರಾತ್ರಿ ನನ್ನ ಕೈ ಹಿಡಿದೇ ಮಲಗಿದ್ದವಳು. ಫೋಟೊವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಬಹಳ ಹೊತ್ತು ನೋಡಿದಳು. ಆಮೇಲೆ, ‘ಪೂಜೆ ನಾಯಿಗೆ ಮಾತ್ರಾನಾ, ಹಂದಿಗೂ ಇತ್ತಾ?’ ಎಂದು ಕೇಳಿದಳು. ಒಂದೇ ಕಲ್ಲಲ್ಲವೇ, ಹೂ ಇಟ್ಟರೆ ಎರಡಕ್ಕೂ ಸೇರುತ್ತದೆ ಎಂದೆ.